ಮಗನನ್ನು ಎಲ್ಲಿಗಾದರೂ ಕಳಿಸಿಬಿಡಬೇಕಾ? ಕೋಲಾರದ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಕೋಲಾರದ ಪಕ್ಕದ ಹಳ್ಳಿಯವರು. ಯಜಮಾನರು ಟೊಮೆಟೊ ಸಾಗಿಸುವ ಗಾಡಿ ಓಡಿಸುತ್ತಾರೆ. ನಾನು ನರಸಾಪುರದ ಒಂದು ಕಂಪನಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸ ಮಾಡುತ್ತೇನೆ, ವಾರ ಬಿಟ್ಟು ವಾರ ನೈಟ್ ಶಿಫ್ಟ್. ಮಗನಿಗೆ 16 ವರ್ಷ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ, ವಿಜ್ಞಾನ ಹೋಯಿತು. ಆಮೇಲಿನ ಪರೀಕ್ಷೆ-2, ಪರೀಕ್ಷೆ-3 ಎರಡನ್ನೂ ಬರೆಯಲಿಲ್ಲ. ಈಗ ರಾತ್ರಿ ಟೊಮೆಟೊ ಮಂಡಿಗೆ ಬಾಕ್ಸ್ ಲೋಡ್ ಮಾಡಲು ಹೋಗುತ್ತಾನೆ, ಬೆಳಗ್ಗೆ ಬಂದು ಸಂಜೆವರೆಗೂ ಮಲಗುತ್ತಾನೆ. ಜೊತೆಯಲ್ಲಿರುವವರು 20, 22ರ ಹುಡುಗರು. ಹೋದ ತಿಂಗಳು ಮೊಬೈಲ್ ಕಳವಿನ ವಿಚಾರಣೆ ಅಂತ ಪೊಲೀಸರು ಕೆಲವು ಹುಡುಗರನ್ನು ಕರೆದೊಯ್ದರು, ಅದರಲ್ಲಿ ಇವನೂ ಇದ್ದ. ಸಂಜೆ ಹೆಸರು ಬರೆದುಕೊಂಡು ಬಿಟ್ಟರು. ಆಮೇಲೆ ಬಟ್ಟೆ ಒಗೆಯುವಾಗ ಪ್ಯಾಂಟ್ ಜೇಬಲ್ಲಿ ಪಂಕ್ಚರ್ ಸಲ್ಯೂಷನ್ ಟ್ಯೂಬ್, ಅಂಟು ಹಿಡಿದ ಕರ್ಚೀಫ್ ಸಿಕ್ಕಿತು. ಯಜಮಾನರು ಬೆಲ್ಟಲ್ಲಿ ಹೊಡೆದರು. ಅತ್ತೆ ಅಡ್ಡ ಬಂದು ಅವನ ಕೈಗೆ ದುಡ್ಡು ಕೊಟ್ಟು ಹೊರಗೆ ಕಳಿಸಿದರು. ನಮ್ಮಣ್ಣ ಬೆಂಗಳೂರಿನ ಹತ್ತಿರ ಚಟ ಬಿಡಿಸುವ ಒಂದು ಸೆಂಟರ್ ಇದೆ, ಮೂರು ತಿಂಗಳು ಹಾಕು ಎನ್ನುತ್ತಾನೆ. ಇನ್ನೊಬ್ಬರು ಸ್ಟೇಷನ್‌ನಲ್ಲಿ ಹೇಳಿ ಒಂದು ರಾತ್ರಿ ಕೂರಿಸಿ ಎನ್ನುತ್ತಾರೆ. ಸರ್ಕಾರದವರ ಹತ್ತಿರ ಹೋದರೆ ಮಗನನ್ನೇ ಕರೆದುಕೊಂಡು ಹೋಗುತ್ತಾರೇನೋ ಅಂತ ಭಯ. ಎಂಟನೇ ಕ್ಲಾಸಿನ ಮಗಳೂ ಇದ್ದಾಳೆ. ಏನು ಮಾಡಲಿ?

ಉತ್ತರ:

ಪತ್ರ ಓದಿದೆ. ಹುಡುಗ ಕೈತಪ್ಪಿ ಹೋದನಾ, ಸ್ಟೇಷನ್‌ನಲ್ಲಿ ಬರೆದ ಹೆಸರು ಜೀವನಪೂರ್ತಿ ಅಂಟಿಕೊಳ್ಳುತ್ತಾ, ಸೆಂಟರ್‌ಗೆ ಹಾಕುವುದು ಸರಿಯಾ, ಸಹಾಯ ಕೇಳಿದರೆ ಮಗನನ್ನೇ ಕಿತ್ತುಕೊಳ್ಳುತ್ತಾರಾ. ನಿಮ್ಮ ನಿದ್ದೆ ಕೆಡಿಸಿರುವುದು ಇವೇ ಅಲ್ವಾ? ಎಲ್ಲಕ್ಕೂ ಉತ್ತರ ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ ಇವತ್ತೇ ನಿಮಗೆ ಗೊತ್ತಿರಬೇಕಾದ ವಿಷಯ ಒಂದಿದೆ.

ಪಂಕ್ಚರ್ ಸಲ್ಯೂಷನ್, ವೈಟ್ನರ್, ಥಿನ್ನರ್ ಕರ್ಚೀಫಿಗೆ ಹಾಕಿ ಮತ್ತಿಗಾಗಿ ಮೂಸುವುದನ್ನು ದೊಡ್ಡವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಗಾಂಜಾ ಅಲ್ಲವಲ್ಲ, ಬರೀ ಅಂಟು ತಾನೆ ಅಂತ. ಅದು ತಪ್ಪು. ಅದರಲ್ಲಿರುವ ಟಾಲ್ವೀನ್‌ನಂಥ ದ್ರಾವಕ ಉಸಿರಿನ ಜೊತೆ ಒಳಗೆ ಹೋಗಿ ಕೆಲವೇ ಕ್ಷಣದಲ್ಲಿ ಮೆದುಳು ಮುಟ್ಟುತ್ತದೆ. ಆ ಹೊತ್ತಿನಲ್ಲಿ ಎದೆಬಡಿತ ದಿಢೀರ್ ಅಂತ ಏರುಪೇರಾಗಿ ಪ್ರಾಣವೇ ಹೋಗಬಹುದು, ಮೊದಲ ಸಲ ಮೂಸಿದವರಿಗೂ ಹೀಗಾಗಬಹುದು. ಓಡಿದರೆ, ಗಾಬರಿಯಾದರೆ, ಹೊಡೆದಾಟ ಆದರೆ ಆ ಅಪಾಯ ಇನ್ನೂ ಜಾಸ್ತಿ. ಆದ್ದರಿಂದ ಅವನು ಮತ್ತಿನಲ್ಲಿದ್ದಾನೆ ಅನ್ನಿಸಿದರೆ ಅಟ್ಟಿಸಿಕೊಂಡು ಹೋಗಬೇಡಿ, ಹೊಡೆಯಬೇಡಿ, ಕೂಗಾಡಬೇಡಿ. ಗಾಳಿಯಾಡುವ ಕಡೆ ಕೂರಿಸಿ, ಕೈಯಲ್ಲಿರುವುದನ್ನು ಮೆಲ್ಲಗೆ ತೆಗೆದಿಡಿ, ಜೊತೆಗಿರಿ. ಹತ್ತಿರ ಬೀಡಿ, ಬೆಂಕಿ ಬೇಡ. ಪ್ರಜ್ಞೆ ತಪ್ಪಿದರೆ, ಫಿಟ್ಸ್ ಬಂದರೆ, ಎದೆನೋವು ಅಂದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಮಾತುಕತೆ ಏನಿದ್ದರೂ ಮಾರನೇ ದಿನ. ಇಷ್ಟನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ಸಿಟ್ಟಿನಲ್ಲಿ ಎತ್ತಿದ ಕೈ ಅಂಥ ಹೊತ್ತಿನಲ್ಲಿ ಬೀಳಬಾರದು.

ಈಗ ಅವನು ಚಟಕ್ಕೆ ಬಿದ್ದಿದ್ದಾನಾ ಅನ್ನುವ ಪ್ರಶ್ನೆ. ಒಂದು ಟ್ಯೂಬ್, ಒಂದು ಕರ್ಚೀಫ್ ನೋಡಿ ಹೇಳಲು ಬರುವುದಿಲ್ಲ. ಮೂಸಿದ್ದಾನೆ ಅನ್ನುವುದು ಮಾತ್ರ ಹೆಚ್ಚೂಕಡಿಮೆ ಖಚಿತ. ಎಷ್ಟು ದಿನದಿಂದ, ಯಾವಾಗ ಯಾವಾಗ, ಒಬ್ಬನೇ ಇದ್ದಾಗಲೂ ಮೂಸುತ್ತಾನಾ ಅನ್ನುವುದನ್ನು ಅವನೇ ಹೇಳಬೇಕು. ಗುಂಪಿನಲ್ಲಿ ಮಾತ್ರ ಮಾಡುವ ಹುಡುಗನಿಗೂ ಮನೆಯಲ್ಲಿ ಒಬ್ಬನೇ ಕೂತು ಮಾಡುವ ಹುಡುಗನಿಗೂ ತುಂಬಾ ವ್ಯತ್ಯಾಸ ಇದೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಮೂತ್ರದ ಟೆಸ್ಟ್ ಕಿಟ್ ತರುವ ಯೋಚನೆ ಇದ್ದರೆ ಬಿಡಿ. ಸಲ್ಯೂಷನ್ ಅದರಲ್ಲಿ ಗೊತ್ತಾಗುವುದಿಲ್ಲ, ನಿಮ್ಮಿಬ್ಬರ ನಡುವೆ ಉಳಿದಿರುವ ನಂಬಿಕೆಯೂ ಹೋಗುತ್ತದೆ. ದೆಹಲಿಯ ಏಮ್ಸ್ ಆಸ್ಪತ್ರೆಯವರು ಕೇಂದ್ರ ಸರ್ಕಾರಕ್ಕಾಗಿ ಮಾಡಿದ, 2019ರಲ್ಲಿ ಹೊರಬಂದ ದೇಶವ್ಯಾಪಿ ಸಮೀಕ್ಷೆಯಲ್ಲಿ ಒಂದು ವಿಷಯ ಎದ್ದು ಕಂಡಿತ್ತು. ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆಯ ಪ್ರಮಾಣ ಜಾಸ್ತಿ ಇರುವ ಏಕೈಕ ಮಾದಕ ಅಂದರೆ ಹೀಗೆ ಮೂಸುವ ವಸ್ತುಗಳು. ಅಗ್ಗ, ಅಂಗಡಿಯಲ್ಲಿ ಸಿಗುತ್ತದೆ, ಯಾರೂ ಅನುಮಾನ ಪಡುವುದಿಲ್ಲ. ನಿಮ್ಮ ಮಗ ಒಬ್ಬನೇ ಅಲ್ಲ, ನೀವೂ ಒಬ್ಬರೇ ಅಲ್ಲ.

ಸಹವಾಸ ದೋಷ, ಆ ಹುಡುಗರೇ ಕೆಡಿಸಿದರು ಅಂತ ಊರಲ್ಲಿ ಹೇಳುತ್ತಿರಬಹುದು. ಅರ್ಧ ನಿಜ. ಆದರೆ ನಿಮ್ಮ ಪತ್ರದಲ್ಲಿ ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ನೋಡಿ. ಮೊದಲು ಬಂದಿದ್ದು ರಿಸಲ್ಟ್. ಜೊತೆಯ ಹುಡುಗರೆಲ್ಲ ಪಿಯುಸಿಗೆ ಬ್ಯಾಗ್ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬರುವಾಗ ಫೇಲಾದವನು ಆ ದಾರಿಯಲ್ಲಿ ಓಡಾಡುವುದನ್ನೇ ಬಿಡುತ್ತಾನೆ. ಹಗಲು ಹೊರಗೆ ಬರಲು ನಾಚಿಕೆ. ರಾತ್ರಿ ಮಂಡಿಯಲ್ಲಿ ಯಾರೂ ಮಾರ್ಕ್ಸ್ ಕೇಳುವುದಿಲ್ಲ. ಸೀಸನ್‌ನಲ್ಲಿ ಗಾಡಿ ಮೇಲೆ ಗಾಡಿ ಬಂದು ನಿಂತಿರುತ್ತದೆ, 15 ಕೆ.ಜಿ.ಯ ಬಾಕ್ಸ್ ಎತ್ತಿ ಕೊಡುವ ಕೈ ಬೇಕು ಅಷ್ಟೇ, ಬೆಳಗಾಗುವ ಹೊತ್ತಿಗೆ ಜೇಬಲ್ಲಿ ಕ್ಯಾಶ್. ಸ್ಕೂಲಿನಲ್ಲಿ ದಡ್ಡ ಅನ್ನಿಸಿಕೊಂಡ ಹುಡುಗ ಅಲ್ಲಿ ಗಟ್ಟಿಗ ಅನ್ನಿಸಿಕೊಳ್ಳುತ್ತಾನೆ. ಇದು ಸಣ್ಣ ವಿಷಯ ಅಲ್ಲ, 16ರ ವಯಸ್ಸಿಗೆ ಇದೇ ಎಲ್ಲ. ಆಮೇಲೆ ನಿದ್ದೆಗೆಟ್ಟ ಮೈ, ಖಾಲಿ ಹೊಟ್ಟೆ, ಲೋಡು ಬರುವವರೆಗೂ ಕಾಯುವ ಬೇಜಾರು. ಆಗ ಪಕ್ಕದಲ್ಲಿ ಕೂತಿರುವ ಅಣ್ಣ "ತಗೋ, ಸುಸ್ತು ಗೊತ್ತಾಗಲ್ಲ" ಅಂತ ಕರ್ಚೀಫ್ ಕೊಡುತ್ತಾನೆ.

ಈ ವಯಸ್ಸಿನಲ್ಲಿ ಗೆಳೆಯರ ಕಣ್ಣೆದುರು ಬೇಡ ಅನ್ನುವುದು ದೊಡ್ಡವರಿಗಿಂತ ಎಷ್ಟೋ ಕಷ್ಟ. ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಅವರ ಸಹೋದ್ಯೋಗಿ 2005ರಲ್ಲಿ ಇದನ್ನು ಒಂದು ಕಾರ್ ಆಟದ ಮೂಲಕ ನೋಡಿದರು. ಒಬ್ಬರೇ ಆಡುವಾಗ ಹದಿಹರೆಯದವರೂ ದೊಡ್ಡವರೂ ಹೆಚ್ಚೂಕಡಿಮೆ ಒಂದೇ ಥರ ಆಡಿದರು. ಗೆಳೆಯರು ನೋಡುತ್ತಿದ್ದಾರೆ ಅಂದ ಕೂಡಲೇ ಹದಿಹರೆಯದವರು ತೆಗೆದುಕೊಳ್ಳುವ ರಿಸ್ಕ್ ಜೋರಾಗಿ ಏರಿತು, ದೊಡ್ಡವರದು ಏರಲಿಲ್ಲ. ನಿಮ್ಮ ಮಗನಿಗೆ ಬುದ್ಧಿ ಇಲ್ಲ ಅಂತಲ್ಲ. ಮನೆಯಲ್ಲಿ ನಿಮ್ಮ ಮುಂದೆ ಕೂತಾಗ ಇರುವ ಬುದ್ಧಿ ಆ ಗುಂಪಿನ ನಡುವೆ ಅವನ ಕೈಗೆ ಸಿಗುವುದಿಲ್ಲ. ಅದಕ್ಕೇ ಬುದ್ಧಿ ಹೇಳುವುದರಿಂದ ಉಪಯೋಗ ಕಮ್ಮಿ. ಅವನು ಯಾವ ಹೊತ್ತಿನಲ್ಲಿ ಎಲ್ಲಿರುತ್ತಾನೆ ಅನ್ನುವುದನ್ನು ಬದಲಿಸಿದರೆ ಉಪಯೋಗ ಜಾಸ್ತಿ.

ಇನ್ನು ಮನೆಯೊಳಗಿನ ಮಾತು. ಇಂಥ ತೊಂದರೆ ಹೇಳಿಕೊಂಡು ನನ್ನ ಹತ್ತಿರ ಬರುವ ಮನೆಗಳಲ್ಲಿ ಸಂಜೆ ಹೊತ್ತು ಸಾಮಾನ್ಯವಾಗಿ ಹೀಗಿರುತ್ತದೆ. ಹುಡುಗ ಎದ್ದು ಮುಖ ತೊಳೆಯುತ್ತಾನೆ. ಅಪ್ಪ: "ಎದ್ದೆಯಾ ಸಾಹೇಬ?" ಹುಡುಗ ಮಾತಾಡುವುದಿಲ್ಲ. "ಕಿವಿ ಕೇಳ್ಸಲ್ವಾ?" "ಏನೀಗ?" "ಏನೀಗ ಅಂತೀಯಾ?" ಅಷ್ಟು ಹೊತ್ತಿಗೆ ಅಪ್ಪ ಎದ್ದು ನಿಂತಿರುತ್ತಾರೆ, ಅಜ್ಜಿ ಅಡ್ಡ ಬಂದಿರುತ್ತಾರೆ, ಅಮ್ಮ ಅಡುಗೆಮನೆಯಿಂದ ಇಬ್ಬರಿಗೂ ಕೂಗುತ್ತಿರುತ್ತಾರೆ, ಹುಡುಗ ಬಾಗಿಲು ಬಡಿದು ಹೊರಗೆ. ಎಲ್ಲ ಸೇರಿ ಎರಡು ನಿಮಿಷ ಆಗಿರುವುದಿಲ್ಲ. ಹುಡುಗ ಇದರಿಂದ ಕಲಿಯುವುದು ಇಷ್ಟೇ: ಜೋರು ಮಾಡಿದರೆ ಆಚೆ ಹೋಗಬಹುದು, ಅಜ್ಜಿ ದುಡ್ಡೂ ಕೊಡುತ್ತಾರೆ. ಅಪ್ಪ ಕಲಿಯುವುದು: ಹೊಡೆದರೆ ಆ ಕ್ಷಣಕ್ಕೆ ಬಾಯಿ ಮುಚ್ಚುತ್ತದೆ. ಇಬ್ಬರ ಜೋರೂ ಪ್ರತಿ ದಿನ ಒಂದೊಂದು ಮೆಟ್ಟಿಲು ಏರುತ್ತದೆ. ಇದರಲ್ಲಿ ಯಾರೂ ಕೆಟ್ಟವರಲ್ಲ. ನಿಮ್ಮ ಅತ್ತೆ ಮೊಮ್ಮಗನಿಗೆ ಏಟು ಬೀಳದಿರಲಿ ಅಂತ ಕೊಟ್ಟ ದುಡ್ಡು ಅದು. ಆದರೆ ಅವರ ದುಡ್ಡು, ನಿಮ್ಮ ಯಜಮಾನರ ಬೆಲ್ಟು ಎರಡೂ ಅವನನ್ನು ಒಂದೇ ಕಡೆಗೆ ಕಳಿಸುತ್ತಿವೆ, ಮಂಡಿಯ ಆ ಗುಂಪಿನ ಕಡೆಗೆ.

ಸ್ಟೇಷನ್‌ನಲ್ಲಿ ಒಂದು ರಾತ್ರಿ ಕೂರಿಸಿ ಅನ್ನುವವರಿಗೆ ದಯವಿಟ್ಟು ಇಲ್ಲ ಅನ್ನಿ. ಒಂದು, ಅದು ಕಾನೂನಿಗೆ ವಿರುದ್ಧ. 18 ತುಂಬದವರನ್ನು ಲಾಕಪ್‌ನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ ಅಂತ 2015ರ ಬಾಲನ್ಯಾಯ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಎರಡು, ಹೆದರಿಸಿ ಸರಿ ಮಾಡುವುದನ್ನು ಬೇರೆಯವರು ಆಗಲೇ ಮಾಡಿ ನೋಡಿದ್ದಾರೆ. ಅಮೆರಿಕದ ನ್ಯೂಜೆರ್ಸಿಯಲ್ಲಿ 1970ರ ದಶಕದಲ್ಲಿ ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಬೆದರಿಸುವ ಕಾರ್ಯಕ್ರಮ ಶುರುವಾಗಿ ತುಂಬಾ ಹೆಸರು ಮಾಡಿತು. ಅಂಥ ಕಾರ್ಯಕ್ರಮಗಳನ್ನು ಆಮೇಲೆ ಸರಿಯಾಗಿ ಅಳೆದು ನೋಡಿದಾಗ, ಹೋಗಿ ಬಂದ ಹುಡುಗರು ಹೋಗದವರಿಗಿಂತ ಜಾಸ್ತಿ ತಪ್ಪು ಮಾಡಿದ್ದರು. ನಮ್ಮ ಕಡೆಯೂ ನಾನು ನೋಡಿರುವುದು ಇದೇ. ಹೆದರಿಕೆ ಒಂದು ವಾರ ಇರುತ್ತದೆ, ಅವಮಾನ ವರ್ಷಗಟ್ಟಲೆ ಇರುತ್ತದೆ. ಸ್ಟೇಷನ್ ಕಂಡವನು ಅನ್ನುವ ಹೆಸರು ಆ ಗುಂಪಿನಲ್ಲಿ ಒಂದು ಮರ್ಯಾದೆಯೂ ಆಗಿಬಿಡುತ್ತದೆ.

ಬರೆದುಕೊಂಡ ಹೆಸರಿನ ಬಗ್ಗೆ ಹೇಳುವುದಾದರೆ, ವಿಚಾರಿಸಿ ಕಳಿಸಿದ ಮಾತ್ರಕ್ಕೆ ಕೇಸ್ ಆಗುವುದಿಲ್ಲ. ಒಂದು ವೇಳೆ ಮುಂದೆ ಏನಾದರೂ ಆದರೂ 18ರೊಳಗಿನ ಮಕ್ಕಳ ವಿಷಯ ಹೋಗುವುದು ಬಾಲನ್ಯಾಯ ಮಂಡಳಿಗೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಸಣ್ಣ ಪ್ರಕರಣಗಳಲ್ಲಿ ಎಫ್‌ಐಆರ್ ಕೂಡ ಹಾಕದೆ ಸ್ಟೇಷನ್ ಡೈರಿಯಲ್ಲಿ ಬರೆದು, ಮಗುವಿನ ಮನೆಯ ಪರಿಸ್ಥಿತಿಯ ವರದಿ ಜೊತೆ ಮಂಡಳಿಗೆ ಕಳಿಸಬೇಕು ಅಂತ ಅದೇ ಕಾಯ್ದೆಯ 2016ರ ಮಾದರಿ ನಿಯಮ ಹೇಳುತ್ತದೆ. ಮಂಡಳಿಯ ತೀರ್ಮಾನ ಮುಂದೆ ಕೆಲಸಕ್ಕೆ ಅಡ್ಡ ಬರುವಂತಿಲ್ಲ. ತೀರಾ ಘೋರ ಅಪರಾಧ ಬಿಟ್ಟರೆ ಅವಧಿ ಮುಗಿದ ಮೇಲೆ ದಾಖಲೆಯನ್ನೇ ನಾಶ ಮಾಡಬೇಕು. ಆದರೆ ಇಲ್ಲೊಂದು ಎಚ್ಚರಿಕೆ ಇದೆ. ದೊಡ್ಡವರ ಜೊತೆ ಸೇರಿ ಮಾಡಿದ್ದು ಅಂತಾದರೆ ಎಫ್‌ಐಆರ್ ಹಾಕಬಹುದು. 22ರ ಹುಡುಗರ ಬೈಕ್ ಹಿಂದೆ ಕೂರುವುದರಲ್ಲಿ ಇರುವ ನಿಜವಾದ ಅಪಾಯ ಅದು. ಅವರು ಏನೋ ಮಾಡಿದರೆ ಇವನ ಹೆಸರೂ ಅದೇ ಹಾಳೆಯಲ್ಲಿ ಬರುತ್ತದೆ. ಇದನ್ನು ಬೆದರಿಕೆಯಾಗಿ ಹೇಳಬೇಡಿ, ಮಾಹಿತಿಯಾಗಿ ಅವನಿಗೆ ಹೇಳಿ. ಈ ವಯಸ್ಸಿನವರು ಮಾಹಿತಿಯನ್ನು ಕೇಳಿಸಿಕೊಳ್ಳುತ್ತಾರೆ. ಯಾರಾದರೂ ಅವನ ಕೈಯಲ್ಲಿ ಪ್ಯಾಕೆಟ್ ಕೊಟ್ಟು "ಅಲ್ಲಿ ಕೊಟ್ಟು ಬಾ" ಅಂತ ಕಳಿಸಿದ್ದಾರಾ ಅಂತಲೂ ಕೇಳಿ. ಗಾಂಜಾದಂಥ ಮಾದಕ ಸಾಗಿಸಲು ಮಕ್ಕಳನ್ನು ಬಳಸಿದವರಿಗೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಆ ವಿಷಯದಲ್ಲಿ ಮಗ ತಪ್ಪಿತಸ್ಥ ಅನ್ನುವುದಕ್ಕಿಂತ ಬಳಸಿಕೊಳ್ಳಲ್ಪಟ್ಟವನು. ಪ್ರತಿ ಸ್ಟೇಷನ್‌ನಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರನ್ನು ಗುರುತಿಸಿರಬೇಕು. ಮುಂದೆ ಪೊಲೀಸರು ಕರೆದರೆ ಅವರನ್ನೇ ಕೇಳಿ, ನೀವೂ ಜೊತೆಗೆ ಹೋಗಿ.

ಸೆಂಟರ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಸಾಲ ಮಾಡಿ ಹಾಕಿ ಬಂದ ಎಷ್ಟೋ ಮನೆಯವರನ್ನು ನಾನು ನೋಡಿದ್ದೇನೆ. ತೀವ್ರ ಅವಲಂಬನೆ ಇದ್ದು, ಬಿಟ್ಟರೆ ಫಿಟ್ಸ್ ಬರುವಂತಿದ್ದು, ಜೀವಕ್ಕೇ ಅಪಾಯ ಇದ್ದರೆ ಒಳರೋಗಿಯಾಗಿ ಇಡಲೇಬೇಕಾಗುತ್ತದೆ. ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಇದೆ, ಅಲ್ಲಿ ಮಕ್ಕಳ ಮನೋವೈದ್ಯ ವಿಭಾಗವೂ ಇದೆ, ವ್ಯಸನ ಚಿಕಿತ್ಸೆಯ ವಿಭಾಗವೂ ಇದೆ. ಆದರೆ ನೀವು ಬರೆದಿರುವ ಹುಡುಗನಿಗೆ ಅದು ಬೇಕಾದಂತೆ ಕಾಣುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ 18ರೊಳಗಿನವರನ್ನು ದಾಖಲಿಸುವುದು ಬೇರೆ ದಾರಿ ಇಲ್ಲದಾಗ ಮಾತ್ರ. ಇಬ್ಬರು ಪರಿಣತರು ಬೇರೆ ಬೇರೆಯಾಗಿ ನೋಡಿ ಒಪ್ಪಿರಬೇಕು, ದೊಡ್ಡವರಿಂದ ಬೇರೆ ಕಡೆ ಇಡಬೇಕು, ಇದ್ದಷ್ಟು ದಿನವೂ ಮನೆಯವರೊಬ್ಬರು ಜೊತೆಯಲ್ಲೇ ಇರಬೇಕು. ಸೆಂಟರ್‌ನವರು "ಮೂರು ತಿಂಗಳು ನೋಡೋಕೆ ಬರಬೇಡಿ, ಫೋನ್ ಮಾಡಬೇಡಿ, ನಾವೇ ಗಾಡಿ ತಂದು ಎತ್ತಿಕೊಂಡು ಹೋಗ್ತೀವಿ" ಅಂದರೆ ಅಲ್ಲೇ ನಿಲ್ಲಿಸಿ. ನೋಂದಣಿ ಪತ್ರ ತೋರಿಸಿ ಅನ್ನಿ, ಮನೋವೈದ್ಯರು ಯಾರು, ವಾರಕ್ಕೆ ಎಷ್ಟು ಸಲ ಬರುತ್ತಾರೆ ಅಂತ ಕೇಳಿ. ಉತ್ತರ ಕೊಡಲು ಹಿಂದೆಮುಂದೆ ನೋಡಿದರೆ ವಾಪಸ್ ಬನ್ನಿ.

ಇನ್ನೊಂದು ಕಾರಣವೂ ಇದೆ. ಪೋಲಿ ಬಿದ್ದ ಹುಡುಗರನ್ನೇ ಒಂದು ಕಡೆ ಕೂಡಿಹಾಕಿದರೆ ಅವರು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ 1939ರಲ್ಲಿ ಶುರುವಾದ ಒಂದು ಕಾರ್ಯಕ್ರಮದಲ್ಲಿ ದಾರಿ ತಪ್ಪುವ ಅಪಾಯ ಇರುವ ನೂರಾರು ಹುಡುಗರಲ್ಲಿ ಅರ್ಧದಷ್ಟು ಜನರಿಗೆ ವರ್ಷಗಟ್ಟಲೆ ಎಲ್ಲ ಥರದ ನೆರವು ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಜೋನ್ ಮೆಕಾರ್ಡ್ ಅನ್ನುವ ಸಂಶೋಧಕಿ ಅದೇ ಹುಡುಗರನ್ನು ದೊಡ್ಡವರಾದ ಮೇಲೆ ಹುಡುಕಿ ನೋಡಿದರು. ನೆರವು ಪಡೆದವರ ಸ್ಥಿತಿ ಉಳಿದವರಿಗಿಂತ ಚೆನ್ನಾಗಿರಲಿಲ್ಲ, ಕೆಲವು ವಿಷಯದಲ್ಲಿ ಇನ್ನೂ ಕೆಟ್ಟದಾಗಿತ್ತು. ಒಂದಕ್ಕಿಂತ ಹೆಚ್ಚು ಸಲ ಬೇಸಿಗೆ ಶಿಬಿರಕ್ಕೆ ಕಳಿಸಿದ ಹುಡುಗರಲ್ಲೇ ಈ ಹಾನಿ ಎದ್ದು ಕಂಡಿತು. ಒಳ್ಳೆಯ ಮನಸ್ಸಿನಿಂದ ಮಾಡಿದ ಸಹಾಯವೂ ಹಾನಿ ಮಾಡಬಹುದು ಅಂತ ನಮ್ಮ ಕೆಲಸದವರು ಕಲಿತಿದ್ದು ಇಂಥವುಗಳಿಂದ. ಮೂರು ತಿಂಗಳು ಸೆಂಟರ್‌ನಲ್ಲಿದ್ದು ಬಂದ ಹುಡುಗ ಇಳಿಯುವುದು ಅದೇ ಬಸ್‌ಸ್ಟಾಪಿನಲ್ಲಿ, ಅಲ್ಲಿ ಅದೇ ಗೆಳೆಯರು, ಅದೇ ಮಂಡಿ, ಅದೇ ಫೇಲಾದ ಎರಡು ಸಬ್ಜೆಕ್ಟ್. ಒಂದೂ ಬದಲಾಗಿರುವುದಿಲ್ಲ.

ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡುವ ಪುಡಿ ಅಂತ ಗೋಡೆ ಮೇಲೆ ಬರೆದಿರುತ್ತಾರಲ್ಲ, ಅದನ್ನು ತರಲೇಬೇಡಿ. ಒಳಗೆ ಏನಿದೆ ಯಾರಿಗೂ ಗೊತ್ತಿರುವುದಿಲ್ಲ. ಅದರಲ್ಲಿ ಕುಡಿತ ಬಿಡಿಸುವ ಮಾತ್ರೆಯ ಪುಡಿ ಸೇರಿಸಿದ್ದರೆ, ಅದು ಹೊಟ್ಟೆಯಲ್ಲಿರುವಾಗ ಅವನು ಬಿಯರ್ ಕುಡಿದರೆ ಪ್ರಾಣಕ್ಕೇ ಕುತ್ತು. ಸಲ್ಯೂಷನ್ ಚಟಕ್ಕೆ ಅಂತಲೇ ಇರುವ ಮಾತ್ರೆ ಯಾವುದೂ ಇಲ್ಲ.

ಹಾಗಾದರೆ ಏನು ಮಾಡುವುದು? ನನ್ನ ಅನುಭವದಲ್ಲಿ ಹುಡುಗನನ್ನು ಊರಿಂದ ಸಾಗಿಸಿದ ಮನೆಗಳಿಗಿಂತ, ಅವನ ಸುತ್ತ ಇರುವ ದೊಡ್ಡವರೆಲ್ಲ ಒಂದು ಮಾತಿಗೆ ಬಂದ ಮನೆಗಳಲ್ಲಿ ಬದಲಾವಣೆ ಹೆಚ್ಚು ಗಟ್ಟಿಯಾಗಿ ನಿಂತಿದೆ. ಈಗ ನಿಮ್ಮ ಮಗನ ಒಂದೊಂದು ತುಂಡು ಒಬ್ಬೊಬ್ಬರಿಗೆ ಗೊತ್ತು. ಸ್ಕೂಲಿನ ಮೇಷ್ಟ್ರಿಗೆ ಅವನು ಯಾಕೆ ಫೇಲಾದ ಅಂತ ಗೊತ್ತು. ಮಂಡಿ ಮಾಲೀಕರಿಗೆ ಅವನು ಯಾರ ಜೊತೆ ಕೂರುತ್ತಾನೆ ಗೊತ್ತು. ಪಂಕ್ಚರ್ ಅಂಗಡಿಯವನಿಗೆ ಟ್ಯೂಬ್ ಯಾರು ಕೊಂಡರು ಗೊತ್ತು. ಅಜ್ಜಿಗೆ ದುಡ್ಡು ಎಷ್ಟು ಹೋಯಿತು ಗೊತ್ತು. ಈ ನಾಲ್ವರೂ ಒಬ್ಬರಿಗೊಬ್ಬರು ಮಾತಾಡಿಲ್ಲ. ಮೊದಲು ಮಾತಾಡಿದವರು ಪೊಲೀಸರು. ಅದಕ್ಕೂ ಮುಂಚೆ ಈ ಮಾತುಕತೆ ಆಗಬೇಕಿತ್ತು, ಈಗಲೂ ತಡವಾಗಿಲ್ಲ.

ಶುರು ಮಾಡುವುದು ಮನೆಯಿಂದ. ಒಂದು ದಿನ ಮೂವರೂ, ನೀವು, ಯಜಮಾನರು, ಅತ್ತೆ, ಮಗ ಇಲ್ಲದಾಗ ಕೂತು ಎರಡೇ ತೀರ್ಮಾನ ಮಾಡಿ. ಕೈ ಎತ್ತುವುದಿಲ್ಲ, ಕೈಗೆ ದುಡ್ಡು ಕೊಡುವುದಿಲ್ಲ. ಅತ್ತೆಗೆ ಬೈಯಬೇಡಿ, ದುಡ್ಡಿನ ಬದಲು ಊಟ ಬಡಿಸುವ ಕೆಲಸ ಅವರದೇ ಇರಲಿ, ಅವನು ಅವರ ಮಾತು ಕೇಳುತ್ತಾನೆ ಅನ್ನುವುದು ನಿಮ್ಮ ಮನೆಯ ದೊಡ್ಡ ಬಲ. ಆಮೇಲೆ ಅವನು ನಿದ್ದೆ ಮಾಡಿ ಎದ್ದು ಹೊಟ್ಟೆ ತುಂಬಿದ ಹೊತ್ತಿನಲ್ಲಿ, ಮತ್ತಿಲ್ಲದ ಹೊತ್ತಿನಲ್ಲಿ, ಒಬ್ಬರೇ ಮಾತಾಡಿ. "ಜೇಬಲ್ಲಿ ಟ್ಯೂಬ್ ಸಿಕ್ತು. ನಂಗೆ ಭಯ ಆಯ್ತು. ಬೈಯೋಕೆ ಬಂದಿಲ್ಲ, ಏನಾಗ್ತಿದೆ ಹೇಳು." ಇಷ್ಟು ಹೇಳಿ ಸುಮ್ನೆ ಇರಿ. ಅವನು ಮೊದಲ ಸಲ ಎದ್ದು ಹೋಗಬಹುದು. ಹೋಗಲಿ. ಎರಡು ದಿನ ಬಿಟ್ಟು ಮತ್ತೆ ಕೂರಿ. ಯಾಕೆ ಮಾಡಿದೆ ಅಂತ ಕೇಳಬೇಡಿ, ಅದಕ್ಕೆ ಯಾವ ಹುಡುಗನ ಹತ್ತಿರವೂ ಉತ್ತರ ಇರುವುದಿಲ್ಲ. ಯಾವಾಗ, ಎಲ್ಲಿ, ಆಮೇಲೆ ಏನನ್ನಿಸಿತು ಅಂತ ಕೇಳಿ.

ಎರಡನೆಯದು ಡಾಕ್ಟರು. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ಹುಚ್ಚಾಸ್ಪತ್ರೆಗೆ ಕರೆದೊಯ್ಯುತ್ತೀರಾ ಅಂತ ಅವನು ರೇಗಿದರೆ ಸುಳ್ಳು ಹೇಳಿ ಕರೆದೊಯ್ಯಬೇಡಿ. ಅವನಿಗೆ ನಿದ್ದೆ ಕೆಟ್ಟಿರುವುದು ನಿಜ, ತಲೆನೋವೂ ಇರಬಹುದು, ಅದನ್ನೇ ಹೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19ರವರೆಗಿನ ಮಕ್ಕಳಿಗೆ ಸ್ನೇಹ ಕ್ಲಿನಿಕ್ ಅಂತ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ, ಯಾವಾಗ ಅಂತ ಹೇಳುತ್ತಾರೆ. ಜಿಲ್ಲಾ ಕ್ರೀಡಾಂಗಣದಲ್ಲಿ ಆಪ್ತ ಸಮಾಲೋಚನೆ ಮಾಡುವ ಯುವ ಸ್ಪಂದನ ಕೇಂದ್ರದವರೂ ಇರುತ್ತಾರೆ. ಇದು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ 15 ವರ್ಷ ಮೇಲ್ಪಟ್ಟವರಿಗೆ ಮಾಡಿರುವುದು. ಆಸ್ಪತ್ರೆ ಮೆಟ್ಟಿಲು ಹತ್ತಲು ಒಪ್ಪದ ಹುಡುಗರು ಕ್ರೀಡಾಂಗಣಕ್ಕೆ ಬರುತ್ತಾರೆ, ಅದು ನನಗೆ ಈ ವ್ಯವಸ್ಥೆಯಲ್ಲಿ ತುಂಬಾ ಇಷ್ಟವಾದ ಅಂಶ. ನಿಮಗೇ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ನೈಟ್ ಶಿಫ್ಟ್ ಮುಗಿಸಿ ಬೆಳಗಿನ ಜಾವ ಮಾಡಿದರೂ ಎತ್ತುತ್ತಾರೆ, ದುಡ್ಡಿಲ್ಲ. ಅವನು ಸಾಯುವ ಮಾತಾಡಿದರೆ, ಇಲ್ಲದ್ದು ಕಾಣುತ್ತಿದೆ, ಕೇಳುತ್ತಿದೆ ಅಂದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ.

ಮೂರನೆಯದು ರಾತ್ರಿ ಕೆಲಸ. 14ರಿಂದ 18ರ ನಡುವಿನವರು ರಾತ್ರಿ 7ರಿಂದ ಬೆಳಗ್ಗೆ 8ರವರೆಗೆ ಕೆಲಸ ಮಾಡುವಂತಿಲ್ಲ, ದಿನಕ್ಕೆ ವಿರಾಮ, ಕಾಯುವ ಹೊತ್ತು ಎಲ್ಲ ಸೇರಿ ಆರು ಗಂಟೆ ಮೀರುವಂತಿಲ್ಲ ಅಂತ ಬಾಲಕಾರ್ಮಿಕ ಕಾಯ್ದೆಯಲ್ಲೇ ಇದೆ. ಮಂಡಿ ಮಾಲೀಕರ ಜೊತೆ ಜಗಳಕ್ಕೆ ಹೋಗಬೇಡಿ. ನಿಮ್ಮ ಯಜಮಾನರಿಗೆ ಅವರ ಪರಿಚಯ ಇದ್ದೇ ಇರುತ್ತದೆ. ಇಂಥದೇ ಒಂದು ಮನೆಯ ವಿಷಯದಲ್ಲಿ ಅಪ್ಪನೇ ಹೋಗಿ "ಅಣ್ಣ, ಅವನಿಗಿನ್ನೂ 16. ರಾತ್ರಿ ಬೇಡ. ಹಗಲು ಬೇಕಾದರೆ ಲೆಕ್ಕ ಬರೆಯೋಕೆ ಇಟ್ಕೊಳ್ಳಿ" ಅಂದರು. ಮಾಲೀಕರು ಒಪ್ಪಿದರು, ಬೆಳಗ್ಗೆ ಒಂಬತ್ತಕ್ಕೆ ಬರೋಕೆ ಹೇಳಿದರು. ಆ ಹುಡುಗನ ಕೈಬರಹ ಚೆನ್ನಾಗಿತ್ತು ಅಂತ ಅವತ್ತೇ ಮನೆಯವರಿಗೂ ಗೊತ್ತಾಗಿದ್ದು. ಬಾಕ್ಸ್ ಲೆಕ್ಕ ಬರೆದು ತಂದು ತೋರಿಸುತ್ತಿದ್ದ, ಅಪ್ಪ ಕೂಡಿಸಿ ನೋಡುತ್ತಿದ್ದರು, ಬೈಗುಳ ಇಲ್ಲದೆ ಅವರಿಬ್ಬರೂ ಪಕ್ಕಪಕ್ಕ ಕೂತಿದ್ದು ಎಷ್ಟೋ ತಿಂಗಳ ಮೇಲೆ. ರಿಸ್ಕ್ ಇಲ್ಲ ಅಂತಲ್ಲ. ದುಡ್ಡು ಕಮ್ಮಿಯಾದಾಗ ಹುಡುಗ ರೇಗುತ್ತಾನೆ, ಒಂದೆರಡು ರಾತ್ರಿ ಹೇಳದೆ ಹೋಗುತ್ತಾನೆ. ಅದನ್ನು ಸೋಲು ಅಂತ ಹಿಡಿಯಬೇಡಿ, ಎಲ್ಲ ಮನೆಯಲ್ಲೂ ಹೀಗೆ ಹಿಂದೆ ಮುಂದೆ ಆಗುತ್ತದೆ.

ನಾಲ್ಕನೆಯದು ಆ ಎರಡು ಸಬ್ಜೆಕ್ಟ್. ಫೇಲಾದ ವಿಷಯ ಮಾತ್ರ ಮತ್ತೆ ಬರೆದರೆ ಸಾಕು. ಅವನು ಓದಿದ ಸ್ಕೂಲಿಗೆ ನೀವು ಹೋಗಿ ಹೆಡ್ ಮೇಷ್ಟ್ರನ್ನು ನೋಡಿ, ಮುಂದಿನ ಪರೀಕ್ಷೆಗೆ ಅರ್ಜಿ ಯಾವಾಗ ಅಂತ ಕೇಳಿ. ಅವನು ಒಪ್ಪುವ ಒಬ್ಬ ಮೇಷ್ಟ್ರು ಇದ್ದಾರಾ ನೋಡಿ, ಪಿ.ಟಿ. ಮೇಷ್ಟ್ರಾದರೂ ಸರಿ. ಗಣಿತ ಹೇಳಿಕೊಡುವುದು ಆಮೇಲಿನ ಮಾತು, ಮೊದಲು ಅವನನ್ನು ಹೆಸರು ಹಿಡಿದು "ಬಾರೋ" ಅನ್ನುವವರೊಬ್ಬರು ಬೇಕು. ಓದು ಬೇಡವೇ ಬೇಡ ಅಂದರೆ ಎಂಟನೇ ತರಗತಿ ಪಾಸಾದವರನ್ನೂ ತೆಗೆದುಕೊಳ್ಳುವ ಐಟಿಐ ಕೋರ್ಸ್‌ಗಳಿವೆ, ವೆಲ್ಡರ್, ವೈರ್‌ಮನ್ ಥರದವು. ಕೈಕೆಲಸ ಇಷ್ಟಪಡುವ ಹುಡುಗನಿಗೆ ಅದು ಹಿಡಿಸಬಹುದು.

ಇವರನ್ನೆಲ್ಲ ಒಟ್ಟಿಗೆ ಕೂರಿಸಬೇಕಾ? ಸಾಧ್ಯವಾದರೆ ಹೌದು, ಒಂದು ಸಲ, ಅರ್ಧ ಗಂಟೆ. ಮೇಷ್ಟ್ರು, ಮಂಡಿಯವರು ಅಥವಾ ಸೋದರಮಾವ, ಆಶಾ ಕಾರ್ಯಕರ್ತೆ, ನೀವಿಬ್ಬರು. ಮಗನೂ ಅಲ್ಲೇ ಇರಬೇಕು, ಅವನು ಒಪ್ಪಿದ ಮೇಲೇ ಮಾಡಬೇಕು. ಅವನ ತಪ್ಪಿನ ಪಟ್ಟಿ ಅಲ್ಲಿ ಬೇಡ, ಮುಂದಿನ ವಾರ ಯಾರು ಏನು ಮಾಡುತ್ತಾರೆ ಅಷ್ಟೇ ಮಾತು. ಇದರಲ್ಲಿ ಅಪಾಯ ಒಂದೇ, ಊರಲ್ಲಿ ಸುದ್ದಿಯಾಗುವುದು. ಬಾಯಿ ಬಿಡದವರನ್ನು ಮಾತ್ರ ಕರೆಯಿರಿ. ಪಂಚಾಯಿತಿ ಕಟ್ಟೆಯಲ್ಲಿ ಕೂರಿಸಿ ಬುದ್ಧಿ ಹೇಳಿಸುವುದು, ತಪ್ಪಾಯಿತು ಅನ್ನಿಸುವುದು, ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಾಕಿ ಎಚ್ಚರಿಸುವುದು, ಇವು ಬೇಡವೇ ಬೇಡ. ಪಂಕ್ಚರ್ ಅಂಗಡಿಯವರಿಗೆ ಹುಡುಗರಿಗೆ ಟ್ಯೂಬ್ ಕೊಡಬೇಡಿ ಅಂತ ಹೇಳಬೇಕಾದರೆ ಸ್ತ್ರೀಶಕ್ತಿ ಸಂಘದವರೆಲ್ಲ ಸೇರಿ ಹೇಳಿ, ನಿಮ್ಮ ಮಗನ ಹೆಸರು ಎತ್ತುವ ಅಗತ್ಯವೇ ಇಲ್ಲ.

ಸರ್ಕಾರದವರು ಕರೆದುಕೊಂಡು ಹೋಗುತ್ತಾರಾ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಮಗುವನ್ನು ಮನೆಯಿಂದ ಬೇರೆ ಮಾಡುವುದು ಕಟ್ಟಕಡೆಯ ದಾರಿ ಅಂತ ಬಾಲನ್ಯಾಯ ಕಾಯ್ದೆಯಲ್ಲೇ ಬರೆದಿದೆ. ಸಹಾಯ ಕೇಳಿಕೊಂಡು ಬಂದ ತಾಯಿಯಿಂದ ಮಗನನ್ನು ಕಿತ್ತುಕೊಳ್ಳುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕೆಲಸ ಅಲ್ಲ. ಅವರ ಹತ್ತಿರ ಆಪ್ತ ಸಮಾಲೋಚಕರು ಇರುತ್ತಾರೆ. ಪ್ರಾಯೋಜಕತ್ವ ಅನ್ನುವ ನೆರವೂ ಇದೆ. ತಾಯಿ ವಿಧವೆಯಾಗಿದ್ದರೆ, ಅಪ್ಪ ಅಮ್ಮ ದುಡಿಯಲಾಗದಷ್ಟು ಕಾಯಿಲೆಯಲ್ಲಿದ್ದರೆ, ಅಂಥ ಮನೆಯ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಿ ಮನೆಯ ವಾರ್ಷಿಕ ಆದಾಯ 72,000 ಮೀರಿರಬಾರದು, ಹಾಗಾಗಿ ನಿಮಗೆ ಅನ್ವಯಿಸಲಿಕ್ಕಿಲ್ಲ. ಆದರೆ ಆ ಗುಂಪಿನ ಬೇರೆ ಹುಡುಗರ ಮನೆಗೆ ಅನ್ವಯಿಸಬಹುದು, ಗೊತ್ತಿದ್ದರೆ ಹೇಳಿ. ಯಾವ ಕಚೇರಿ ಎಲ್ಲಿದೆ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಕೇಳಬಹುದು.

ನಿಮ್ಮ ಯಜಮಾನರ ಬಗ್ಗೆ ಒಂದು ಮಾತು. ಬೆಲ್ಟ್ ತೆಗೆದ ಅಪ್ಪನನ್ನು ದೂರಿ ಬಿಡುವುದು ಸುಲಭ. ರಾತ್ರಿಯೆಲ್ಲ ಗಾಡಿ ಓಡಿಸಿ ಬರುವ ಮನುಷ್ಯನಿಗೆ ಮಗನೂ ಇದೇ ದಾರಿಗೆ ಬಿದ್ದ ಅನ್ನುವ ಸಂಕಟ ಇರುತ್ತದೆ, ಅದನ್ನು ಹೇಳಿಕೊಳ್ಳಲು ಬರುವುದಿಲ್ಲ. ಆಸ್ಪತ್ರೆಗೆ ಅವರೂ ಬರಲಿ. ಬರಲ್ಲ ಅಂದರೆ "ಡಾಕ್ಟರು ಅಪ್ಪನನ್ನ ಕೇಳ್ತಿದ್ದಾರೆ" ಅನ್ನಿ, ನಾವು ನಿಜವಾಗಿಯೂ ಕೇಳುತ್ತೇವೆ. ಅಪ್ಪ ಒಂದು ಸಲ ಬಂದು ಕೂತರೆ ಕೆಲಸ ಅರ್ಧ ಹಗುರವಾಗುತ್ತದೆ.

ಕೊನೆಗೆ ಮಗಳು. ಇಡೀ ಪತ್ರದಲ್ಲಿ ಅವಳಿಗೆ ಒಂದೇ ಸಾಲು. ಎಂಟನೇ ಕ್ಲಾಸಿನ ಹುಡುಗಿ ಈ ಎಲ್ಲವನ್ನೂ ನೋಡುತ್ತಿದ್ದಾಳೆ, ಬಾಗಿಲು ಬಡಿದ ಸದ್ದೂ ಅವಳಿಗೆ ಕೇಳಿಸಿದೆ. ಅಣ್ಣನ ಮೇಲೆ ಕಣ್ಣಿಡು, ಅವನ ಜೇಬು ನೋಡು ಅಂತ ಅವಳಿಗೆ ಹೇಳಬೇಡಿ, ಅದು ಅವಳ ಕೆಲಸ ಅಲ್ಲ. ಅಣ್ಣನಿಗೆ ಹುಷಾರಿಲ್ಲ, ಡಾಕ್ಟರಿಗೆ ತೋರಿಸುತ್ತಿದ್ದೇವೆ, ನಿನಗೆ ಭಯವಾದರೆ ನನಗೆ ಹೇಳು ಅಂತ ಹೇಳಿ. ನಿಮಗೆ ನೈಟ್ ಶಿಫ್ಟ್ ಇರುವ ವಾರ ಅವಳು ಯಾರ ಜೊತೆ ಮಲಗುತ್ತಾಳೆ, ಅಣ್ಣನ ಗೆಳೆಯರು ಮನೆಗೆ ಬರುತ್ತಾರಾ ಅಂತ ವಿಚಾರಿಸಿಕೊಳ್ಳಿ. ಬರುತ್ತಿದ್ದರೆ, ನೀವಾಗಲಿ ಯಜಮಾನರಾಗಲಿ ಇಲ್ಲದಾಗ ಯಾರೂ ಒಳಗೆ ಬರುವಂತಿಲ್ಲ ಅನ್ನುವುದನ್ನು ಮಗನಿಗೂ ಅತ್ತೆಗೂ ಇವತ್ತೇ ಹೇಳಿಬಿಡಿ. ಅವಳ ಸ್ಕೂಲಿನ ಮುಂದಿನ ಪೋಷಕರ ಸಭೆಗೆ ರಜೆ ಹಾಕಿ ಹೋಗಿ ಬನ್ನಿ. ಗಣಿತದಲ್ಲಿ ಅವಳೂ ಹಿಂದಿದ್ದರೆ ಈಗಲೇ ಗೊತ್ತಾಗಲಿ, ಎಂಟನೇ ಕ್ಲಾಸಿನಲ್ಲಿ ಅದನ್ನು ಸರಿ ಮಾಡಿಕೊಳ್ಳಲು ಇನ್ನೂ ಎರಡು ವರ್ಷ ಇರುತ್ತದೆ.